ಪಾಡ್‌ಕಾಸ್ಟಿನ ಸ್ವಾತಂತ್ರ್ಯವೂ ಅದರ ಸಾಧನಗಳೂ

2018ನೆಯ ಇಸವಿಯಲ್ಲಿ ತಾವೇ ಆರಂಭಿಸಿದ ‘ಗೂಗಲ್ ಪಾಡ್‌ಕಾಸ್ಟ್ಸ್’ ಎಂಬ ಆ್ಯಪನ್ನು ಗೂಗಲ್ ಕಂಪೆನಿಯವರು 2024ರಲ್ಲಿ ಮುಚ್ಚಿಬಿಟ್ಟರು. ಅದನ್ನೇ ನೆಚ್ಚಿಕೊಂಡಿದ್ದ ಕೇಳುಗರಿಗೆ ಇದರಿಂದ ತೊಂದರೆಯಾದುದು ನಿಜ. ಆದರೆ ಅದರ ಮೂಲಕ ಕೇಳಿಬರುತ್ತಿದ್ದ ಕಾರ್ಯಕ್ರಮಗಳು ಅದರೊಡನೆ ಅಳಿಯಲಿಲ್ಲ. ಕೇಳುಗರು ತಮ್ಮ ಮೆಚ್ಚಿನ ಕಾರ್ಯಕ್ರಮಗಳ ಪಟ್ಟಿಯನ್ನು ಒಂದು ಕಡತವಾಗಿ ಪಡೆದು ಬೇರೆ ಆ್ಯಪಿಗೆ ಒಯ್ಯಲು ಸಾಧ್ಯವಾಯಿತು. ಅಂಗಡಿ ಮುಚ್ಚಿತು, ಸರಕು ಉಳಿಯಿತು. ಇದು ಯಾವ ಕಂಪೆನಿಯ ಔದಾರ್ಯದ ಫಲವೂ ಅಲ್ಲ. ಪಾಡ್‌ಕಾಸ್ಟ್ ಎಂಬುದರ ಮೂಲರಚನೆಯಲ್ಲಿಯೇ ಇರುವ ಗುಣ. ಈ ಗುಣವನ್ನು ಕಾಪಾಡಿಕೊಳ್ಳುವ ಬಗೆ ಯಾವುದೆಂಬುದೇ ಇಂದಿನ ಪ್ರಶ್ನೆ.

ಪಾಡ್‌ಕಾಸ್ಟಿನ ಆಧಾರವು ‘ಆರ್‌ಎಸ್‌ಎಸ್ ಫೀಡ್’ ಎಂಬ ಒಂದು ಸರಳವಾದ ಪಟ್ಟಿ. ಕಾರ್ಯಕ್ರಮದ ಹೆಸರು, ಕಂತುಗಳ ವಿವರ, ಧ್ವನಿಯ ಕಡತವಿರುವ ವಿಳಾಸ, ಇಷ್ಟೇ ಅದರಲ್ಲಿರತಕ್ಕದ್ದು. ಅಮೆರಿಕದ ಡೇವ್ ವೈನರ್ ಎಂಬವರು 2000ನೆಯ ಇಸವಿಯ ಡಿಸೆಂಬರಿನಲ್ಲಿ ಇಂತಹ ಪಟ್ಟಿಗೆ ಧ್ವನಿಯ ಕಡತವನ್ನು ಲಗತ್ತಿಸುವ ಕ್ರಮವನ್ನು ಸೇರಿಸಿದರು. 2003ರಲ್ಲಿ ಅದರ ನಿಯಮಾವಳಿಯ ಹಕ್ಕನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಕೇಂದ್ರಕ್ಕೆ ಒಪ್ಪಿಸಿ, ಸರ್ವರ ಉಪಯೋಗಕ್ಕೂ ಬಿಟ್ಟುಕೊಡಲಾಯಿತು. ‘ಪಾಡ್‌ಕಾಸ್ಟಿಂಗ್’ ಎಂಬ ಮಾತು ಹುಟ್ಟಿದ್ದು 2004ರಲ್ಲಿ. ಆಪಲ್ ಕಂಪೆನಿಯವರು ಅದಕ್ಕೆ ತಮ್ಮ ಐಟ್ಯೂನ್ಸಿನಲ್ಲಿ ಸ್ಥಳ ಕೊಟ್ಟದ್ದು 2005ರಲ್ಲಿ. ಊರ ಕೆರೆಯ ನೀರಿನಂತೆ ಯಾರು ಬೇಕಾದರೂ ಇದನ್ನು ಬಳಸಬಹುದು, ಒಡೆಯನೆಂಬುವನು ಇಲ್ಲ.

ಒಡೆಯನಿಲ್ಲದ ಸೊತ್ತಿಗೆ ಬೇಲಿ ಹಾಕುವ ಆಸೆ ಬಲಿಷ್ಠರಿಗೆ ಹುಟ್ಟುವುದು ಹೊಸದಲ್ಲ. 2019ರಲ್ಲಿ ಸ್ಪಾಟಿಫೈ ಕಂಪೆನಿಯವರು ಗಿಮ್ಲೆಟ್ ಮತ್ತು ಆ್ಯಂಕರ್ ಎಂಬ ಸಂಸ್ಥೆಗಳನ್ನು ಕೊಂಡರು. 2020ರಲ್ಲಿ ಜೋ ರೋಗನ್ ಅವರ ಸುಪ್ರಸಿದ್ಧ ಕಾರ್ಯಕ್ರಮವನ್ನು ತಮ್ಮ ಆ್ಯಪಿನಲ್ಲಲ್ಲದೆ ಬೇರೆಲ್ಲಿಯೂ ಕೇಳಲಾಗದಂತೆ ಮಾಡಿಕೊಂಡರು. 2024ರ ಹೊಸ ಕರಾರಿನಲ್ಲಿ ಆ ನಿರ್ಬಂಧವನ್ನು ಸಡಿಲಿಸಿದರು. ಬೇಲಿ ಹಾಕಿದವರೇ ತೆಗೆದರೆಂದು ನಾವು ಸಮಾಧಾನಪಡುವಂತಿಲ್ಲ. ಹಾಕುವುದೂ ತೆಗೆಯುವುದೂ ಒಬ್ಬರ ಇಚ್ಛೆಯನ್ನೇ ಅವಲಂಬಿಸಿದ್ದರೆ ಅದು ಸ್ವಾತಂತ್ರ್ಯವಲ್ಲ, ಅನುಗ್ರಹ.

ಆದರೂ ಜನರು ಇಂತಹ ಮುಚ್ಚಿದ ಮನೆಗಳನ್ನು ಏಕೆ ಹೊಗುತ್ತಾರೆ? ಅಲ್ಲಿ ಸೌಕರ್ಯವಿದೆ. ಹುಡುಕಿದ್ದು ಬೇಗ ಸಿಗುತ್ತದೆ. ಕಾರ್ಯಕ್ರಮ ಮಾಡಿದವನಿಗೆ ಎಷ್ಟು ಜನ ಕೇಳಿದರೆಂಬುದು ತಿಳಿಯುತ್ತದೆ. ಜಾಹೀರಾತಿನ ಹಣವೂ ಬರುತ್ತದೆ. ಈ ಅನುಕೂಲಗಳನ್ನು ಬಯಸುವವರನ್ನು ನಿಂದಿಸುವುದು ನ್ಯಾಯವಲ್ಲ. ತೆರೆದ ಮಾರ್ಗವು ಕಲ್ಲುಮುಳ್ಳಿನದೂ ಮುಚ್ಚಿದ ಮಾರ್ಗವು ಹಸನಾದುದೂ ಆಗಿದ್ದರೆ, ಎಷ್ಟು ಉಪದೇಶ ಮಾಡಿದರೂ ಪಾದಚಾರಿಯು ಹಸನಾದ ದಾರಿಯನ್ನೇ ಹಿಡಿಯುವನು. ಆದಕಾರಣ ಉಪದೇಶಕ್ಕಿಂತ ಸಾಧನಗಳ ಸುಧಾರಣೆಯೇ ಮುಖ್ಯವೆಂದು ನಾವು ಅಭಿಪ್ರಾಯಪಡುತ್ತೇವೆ.

ಈ ದಿಕ್ಕಿನಲ್ಲಿ ಆಗಿರುವ ಕಾರ್ಯವು ಶ್ಲಾಘನೀಯವಾದುದು. 2020ರಲ್ಲಿ ಆ್ಯಡಮ್ ಕರಿ ಮತ್ತು ಡೇವ್ ಜೋನ್ಸ್ ಎಂಬವರು ‘ಪಾಡ್‌ಕಾಸ್ಟ್ ಇಂಡೆಕ್ಸ್’ ಎಂಬ ಮುಕ್ತ ಸೂಚಿಯನ್ನು ಸ್ಥಾಪಿಸಿ, ಆ್ಯಪ್ ರಚಿಸುವವರಿಗೆಲ್ಲ ಉಚಿತವಾಗಿ ಒದಗಿಸಿದರು. ಅದರೊಡನೆ ಫೀಡಿಗೆ ಸೇರಿಸಬಹುದಾದ ಹೊಸ ಗುರುತುಗಳೂ ಒಂದೊಂದಾಗಿ ಬಂದಿವೆ. ಕಂತಿನ ಮಾತನ್ನು ಬರಹದಲ್ಲಿ ಕೊಡಲು ಒಂದು. ದೀರ್ಘವಾದ ಸಂಭಾಷಣೆಯನ್ನು ಅಧ್ಯಾಯಗಳಾಗಿ ವಿಂಗಡಿಸಲು ಒಂದು. ಕೇಳುಗರು ಧನಸಹಾಯ ಮಾಡುವ ವಿಳಾಸವನ್ನು ತಿಳಿಸಲು ಒಂದು. ಸರ್ವರ್ ಬದಲಾದರೂ ಕಾರ್ಯಕ್ರಮದ ಗುರುತು ಬದಲಾಗದಂತಿರಲು ಒಂದು. ಒಡೆಯನ ಅನುಮತಿಯಿಲ್ಲದೆ ಫೀಡನ್ನು ಬೇರೆಡೆಗೆ ಎಳೆದುಕೊಳ್ಳಬೇಡಿರೆಂದು ಸೂಚಿಸಲು ಮತ್ತೊಂದು.

ಗುರುತುಗಳನ್ನು ನಿಯಮಾವಳಿಯಲ್ಲಿ ಬರೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ್ಯಪುಗಳು ತೋರಿಸುವುದಿಲ್ಲವೆಂದು ಫೀಡ್ ಒದಗಿಸುವವರು ಸುಮ್ಮನಿರುವುದು, ಫೀಡಿನಲ್ಲಿ ಇಲ್ಲವೆಂದು ಆ್ಯಪಿನವರು ಸುಮ್ಮನಿರುವುದು, ಹೀಗೆ ‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬಂತಾಗಬಾರದು. ಯಾರಾದರೂ ಒಬ್ಬರು ಮುಂದಡಿಯಿಡಲೇಬೇಕು. ದೊಡ್ಡವರು ಅಡಿಯಿಟ್ಟರೆ ಫಲ ಬೇಗ ಕಾಣುವುದೆಂಬುದಕ್ಕೆ ನಿದರ್ಶನವೂ ಉಂಟು. 2024ರ ಮಾರ್ಚಿಯಲ್ಲಿ ಆಪಲಿನವರು ಕಂತುಗಳ ಬರಹರೂಪವನ್ನು ತೋರಿಸತೊಡಗಿದಾಗ, ಪ್ರಕಾಶಕರು ಫೀಡಿನ ಮೂಲಕ ಕೊಟ್ಟ ಬರಹವನ್ನೂ ಅಂಗೀಕರಿಸುವ ಏರ್ಪಾಟು ಮಾಡಿದರು.

ಇಲ್ಲಿಯೇ ಕನ್ನಡಿಗರ ಹಿತವೂ ಅಡಗಿದೆ. ಆಪಲಿನವರ ಯಂತ್ರವು ತಾನಾಗಿಯೇ ಬರಹಕ್ಕಿಳಿಸಿದ್ದು ಆರಂಭದಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಎಂಬ ನಾಲ್ಕೇ ಭಾಷೆಗಳನ್ನು. ಕಂಪೆನಿಯ ಎಣಿಕೆಯಲ್ಲಿ ಕನ್ನಡದ ಸರದಿ ಎಂದಿಗೆ ಬರುವುದೆಂದು ನಾವು ಕಾದು ಕುಳಿತಿರಬೇಕೇ? ತೆರೆದ ಫೀಡಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಕನ್ನಡದ ಮಾತಿಗೆ ಕನ್ನಡದ ಬರಹವನ್ನು ಇಂದೇ ಲಗತ್ತಿಸಬಹುದು. ಕಿವಿ ಕೇಳದವರು ಓದಬಹುದು. ಹುಡುಕುವವರಿಗೆ ಮಾತಿನ ನಡುವಿನ ಪದವೂ ಸಿಕ್ಕಬಹುದು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆಯಲು ಪ್ರಸಾರಯಂತ್ರವನ್ನೇ ಹೊಂದಿಸಬೇಕಾಯಿತು. ಇಂದು ತಾಳಮದ್ದಳೆಯ ಅರ್ಥಗಾರಿಕೆಯನ್ನೋ ಬೇಸಾಯದ ಅನುಭವವನ್ನೋ ಜಗತ್ತಿಗೆ ಮುಟ್ಟಿಸಲು ಒಂದು ಮೊಬೈಲು ಸಾಕು. ಕೊರತೆಯಿರುವುದು ಯಂತ್ರದ್ದಲ್ಲ, ಅನುಕೂಲವಾದ ಉಪಕರಣದ್ದು.

ಆದುದರಿಂದ ಸಾಧನಗಳನ್ನು ರಚಿಸುವ ನಮ್ಮ ತರುಣ ಎಂಜಿನಿಯರುಗಳಲ್ಲಿ ನಾವು ಕೇಳಿಕೊಳ್ಳುವುದು ಇಷ್ಟು. ಫೀಡೆಂದರೇನೆಂದು ತಿಳಿಯದವನೂ ಕನ್ನಡದಲ್ಲಿಯೇ ಸೂಚನೆಗಳನ್ನೋದಿ ಕಂತನ್ನು ಪ್ರಕಟಿಸುವಂತಿರಲಿ. ಯಂತ್ರವು ಬರೆದ ಕನ್ನಡವನ್ನು ತಿದ್ದಲು ಸುಲಭವಾದ ಏರ್ಪಾಟಿರಲಿ. ಒಂದೇ ಕಂತನ್ನು ಹಿರಿದು ಕಿರಿದು ಕಡತಗಳಾಗಿ ಕೊಡುವ ಗುರುತು ಈಗಾಗಲೇ ಇದೆ. ಇಂಟರ್ನೆಟ್ ದುರ್ಬಲವಾಗಿರುವ ಹಳ್ಳಿಯ ಕೇಳುಗನಿಗಾಗಿ ಅದನ್ನು ಬಳಕೆಗೆ ತರಲಿ. ಧನಸಹಾಯದ ವಿಳಾಸದಲ್ಲಿ ಯುಪಿಐ ಮೂಲಕ ಹತ್ತು ರೂಪಾಯಿ ಕೊಡಲೂ ಅವಕಾಶವಿರಲಿ. ಜಾಹೀರಾತಿನ ಹಣಕ್ಕೆ ಇದು ಪೂರ್ಣವಾದ ಬದಲಿಯೆಂದು ನಾವು ಹೇಳುವುದಿಲ್ಲ. ಆದರೆ ಸಣ್ಣ ಕಾರ್ಯಕ್ರಮಗಳಿಗೆ ಇದೊಂದು ಊರೆಗೋಲಾಗುವುದರಲ್ಲಿ ಸಂದೇಹವಿಲ್ಲ.

ಕಾರ್ಯಕ್ರಮ ನಡೆಸುವವರಿಗೂ ಒಂದು ಮಾತು. ಯೂಟ್ಯೂಬಿನಲ್ಲಿಯೂ ಇರಿ, ಸ್ಪಾಟಿಫೈಯಲ್ಲಿಯೂ ಇರಿ. ಆದರೆ ನಿಮ್ಮ ಫೀಡಿನ ವಿಳಾಸವೂ ಮೂಲ ಕಡತಗಳೂ ನಿಮ್ಮ ಕೈಯಲ್ಲಿಯೇ ಇರಲಿ. ಸರ್ವರನ್ನು ಬದಲಿಸುವಾಗ ಹಳೆಯ ವಿಳಾಸದಿಂದ ಹೊಸದಕ್ಕೆ ಕೇಳುಗರನ್ನು ಕಳುಹಿಸಿಕೊಡುವರೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಪ್ರಯೋಜನವಿಲ್ಲ. ಒಡೆಯನಿಲ್ಲದ ಈ ಸೊತ್ತನ್ನು ಹಿಂದಿನವರು ನಮಗೆ ಧಾರಾಳವಾಗಿ ಬಿಟ್ಟುಹೋಗಿದ್ದಾರೆ. ಅದನ್ನು ಉಪಯೋಗಕ್ಕೆ ಯೋಗ್ಯವಾಗಿಟ್ಟು ಮುಂದಿನವರಿಗೆ ಒಪ್ಪಿಸುವುದು ನಮ್ಮೆಲ್ಲರ ಕರ್ತವ್ಯ.