ಅಜ್ಜಿಯ ತಲೆಯೊಳಗಿನ ಉಬ್ಬು

ಆವನಿಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಬೇರೆ ಯಾವುದಕ್ಕೋ ಅಜ್ಜಿಯ ತಲೆಗೆ ಸ್ಕ್ಯಾನ್ ಮಾಡಿಸಿದಾಗ ಒಂದು ರಕ್ತನಾಳ ಉಬ್ಬಿರುವುದು ಕಂಡಿತಂತೆ. ಡಾಕ್ಟರು, ‘ಈಗ ಆಪರೇಷನ್ ಬೇಡ, ಆಮೇಲೆ ಮತ್ತೊಮ್ಮೆ ನೋಡೋಣ’ ಎಂದರಂತೆ. ಒಡೆಯುವಂಥದ್ದನ್ನು ಯಾಕೆ ಹಾಗೇ ಬಿಡುತ್ತಾರೆ ಎಂಬುದು ಅವಳ ಪ್ರಶ್ನೆ.

ಮಗು, ನಿಮ್ಮ ಕೋಲಾರ ಸೀಮೆಯಲ್ಲಿ ಕೆರೆಗಳಿಗೇನು ಕೊರತೆ? ಏರಿಯ ಮಣ್ಣು ಒಂದು ಕಡೆ ಸಡಿಲವಾದರೆ ನೀರಿನ ಒತ್ತಡಕ್ಕೆ ಅಲ್ಲೇ ಹೊರಗೆ ಉಬ್ಬುತ್ತದೆ. ರಕ್ತನಾಳದ ಗೋಡೆ ದುರ್ಬಲವಾದ ಕಡೆ ಆಗುವುದೂ ಅದೇ. ಅದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ನೂರು ಮಂದಿ ದೊಡ್ಡವರಲ್ಲಿ ಸುಮಾರು 3 ಮಂದಿಯ ಮಿದುಳಿನಲ್ಲಿ ಇಂಥ ಉಬ್ಬು ಇರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಹೆಚ್ಚಿನವು ಒಡೆಯುವುದೂ ಇಲ್ಲ. ಸಣ್ಣ ಉಬ್ಬಿಗೆ ಕೈ ಹಾಕಿದರೆ ಅದರಿಂದಲೇ ಅಪಾಯ ಹೆಚ್ಚಾಗಬಹುದು. ಅದಕ್ಕೇ ಡಾಕ್ಟರು ಗಾತ್ರ, ಜಾಗ, ವಯಸ್ಸು ಎಲ್ಲ ತೂಗಿ ನೋಡಿ ಕಾಯುತ್ತಾರೆ.

ಉಬ್ಬು ಹೆಂಗಸರಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲೂ ಹೆಚ್ಚು. ಅದು ನಮ್ಮ ಕೈಯಲ್ಲಿಲ್ಲ. ಆದರೆ ಬಿ.ಪಿ. ಮತ್ತು ಬೀಡಿ, ಸಿಗರೇಟು ನಮ್ಮ ಕೈಯಲ್ಲಿವೆ. ‘ನನಗೇನೂ ಆಗಿಲ್ಲ, ಮಾತ್ರೆ ಯಾಕೆ?’ ಎನ್ನುವ ಅಜ್ಜಂದಿರು ಈ ಸಾಲನ್ನು ಹಾರಿಸಿಬಿಡುತ್ತಾರೆ, ಮೊಮ್ಮಕ್ಕಳು ಗಟ್ಟಿಯಾಗಿ ಓದಿ ಹೇಳಲಿ.

ಒಡೆದರೆ? 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ ಹಾಕಿ ತೋರಿಸಿದರು. ಆಮೇಲೆ ಇಟಲಿಯ ಗುಗ್ಲಿಯೆಲ್ಮಿ ಎಂಬ ಡಾಕ್ಟರು, ತೊಡೆಸಂದಿಯ ರಕ್ತನಾಳದಿಂದ ಕೂದಲಿನಂಥ ನಳಿಕೆ ಕಳಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ದಾರಿ ಕಂಡುಕೊಂಡರು. ಯಾವುದು ಮೇಲು? ಉಬ್ಬು ಒಡೆದಿದ್ದ, ಎರಡಕ್ಕೂ ಒಗ್ಗುವಂತಿದ್ದ 2143 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ 2002ರಲ್ಲಿ ಬಂತು. ವರ್ಷದ ನಂತರ ತೀರಿಕೊಂಡವರು ಇಲ್ಲವೇ ಪರರ ಆಸರೆ ಬೇಕಾದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಸುರುಳಿ ಗುಂಪಿನಲ್ಲಿ 24. ಸುರುಳಿ ಗೆದ್ದಿತು ಎನ್ನೋಣವೇ? ಪೂರ್ತಿ ಅಲ್ಲ. ಸುರುಳಿ ತುಂಬಿದವರಿಗೆ ಮತ್ತೊಮ್ಮೆ ಚಿಕಿತ್ಸೆ ಬೇಕಾಗುವುದು ಹೆಚ್ಚು. ಎಲ್ಲ ಉಬ್ಬಿಗೂ ಅದು ಹೊಂದುವುದೂ ಇಲ್ಲ. ಹಾಗಾಗಿ ಎರಡೂ ಉಳಿದಿವೆ.

ಒಂದು ಮಾತ್ರ ನೆನಪಿಟ್ಟುಕೋ. ಸಿಡಿಲು ಬಡಿದಂತೆ ಒಮ್ಮೆಲೇ ಬರುವ, ಜನ್ಮದಲ್ಲೇ ಕಾಣದಂಥ ತಲೆನೋವು, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಅಮೃತಾಂಜನ ಹಚ್ಚುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಶುರು ಮಾಡಿದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ನಿಮ್ಮ ಕೋಲಾರವೂ ಇದೆ.

ಅಜ್ಜಿ ಶಿವರಾತ್ರಿ ಜಾತ್ರೆಗೆ ಸೀತಮ್ಮನ ಬೆಟ್ಟ ಹತ್ತಬಹುದೇ ಎಂದೂ ಕೇಳಿದ್ದೀ. ಅದನ್ನು ಅಜ್ಜಿಯ ಬಿ.ಪಿ., ಸ್ಕ್ಯಾನ್ ಎರಡನ್ನೂ ನೋಡಿದ ಡಾಕ್ಟರೇ ಹೇಳಬೇಕು. ಮುಂದಿನ ಸಲ ಜೊತೆಗೆ ಹೋಗಿ ನೀನೇ ಕೇಳು.