ಮನೆಯಷ್ಟೇ ಸಾಲದು, ನೆರೆಯೂ ಬೇಕು

ಬಡ ಕುಟುಂಬಕ್ಕೊಂದು ಮನೆ ಕಟ್ಟಿಸಿ ಬೀಗದ ಕೈ ಹಸ್ತಾಂತರಿಸುವ ಕಾರ್ಯಕ್ರಮಗಳು ನಮ್ಮ ಊರುಗಳಲ್ಲಿ ಆಗಾಗ ನಡೆಯುತ್ತವೆ. ಜಮಾಅತ್‌ಗಳು, ಸಂಘಟನೆಗಳು, ಉದಾರಿಗಳು ಸೇರಿ ಮಾಡುವ ಈ ಕಾರ್ಯ ಶ್ಲಾಘನೀಯ. ಆದರೆ ಅಗ್ಗದ ಜಮೀನು ಸಿಕ್ಕಿತೆಂದು ಊರಾಚೆ ಕಟ್ಟಿದ ಮನೆಗೆ ಬಸ್ಸಿಲ್ಲ, ನೀರಿಲ್ಲ, ಹತ್ತಿರದಲ್ಲಿ ಶಾಲೆಯಿಲ್ಲ ಎಂದಾದರೆ ಆ ಕುಟುಂಬ ಎಷ್ಟು ಕಾಲ ಅಲ್ಲಿ ನೆಲೆ ನಿಲ್ಲಬಲ್ಲದು? ಕುರ್‌ಆನ್ ಮನೆಯನ್ನು ನೆಮ್ಮದಿಯ ತಾಣವೆಂದು ಪರಿಚಯಿಸುತ್ತದೆ. ನಾಲ್ಕು ಗೋಡೆಗಳಿಂದಷ್ಟೇ ಆ ನೆಮ್ಮದಿ ಹುಟ್ಟುವುದಿಲ್ಲ.

1980ರ ದಶಕದಲ್ಲಿ ಇಂದೋರ್‌ನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ‘ಅರಣ್ಯ’ ಬಡಾವಣೆ ಇದನ್ನು ಅರಿತುಕೊಂಡಿತ್ತು. ಸುಮಾರು 6,500 ನಿವೇಶನಗಳ ಈ ಯೋಜನೆಯಲ್ಲಿ ಕಡುಬಡವರಿಗೆ ದೊರೆತದ್ದು ಪೂರ್ಣಗೊಂಡ ಮನೆಯಲ್ಲ. ಪುಟ್ಟ ನಿವೇಶನ, ಅದರಲ್ಲಿ ಪಾಯ, ಶೌಚಾಲಯ ಮತ್ತು ನೀರಿನ ಸೌಕರ್ಯ. ಉಳಿದುದನ್ನು ಕುಟುಂಬವೇ ಕೈಯಲ್ಲಿ ಹಣ ಕೂಡಿದಂತೆ ಕಟ್ಟಿಕೊಳ್ಳಬೇಕಿತ್ತು. ಸ್ಥಿತಿವಂತರಿಗೆ ನಿವೇಶನ ಮಾರಿ ಬಂದ ಲಾಭ ಬಡವರ ನಿವೇಶನಗಳ ಬೆಲೆ ತಗ್ಗಿಸಲು ನೆರವಾಯಿತು. ಹೀಗೆ ಭಿನ್ನ ಆದಾಯದವರು ಒಂದೇ ಬಡಾವಣೆಯ ನಿವಾಸಿಗಳಾದರು. ಮನೆಯ ಮುಂದೆ ಜಗುಲಿಗಳಿದ್ದವು. ಮಕ್ಕಳ ಆಟಕ್ಕೂ ಹಿರಿಯರ ಮಾತುಕತೆಗೂ ಅಲ್ಲಿ ಜಾಗವಿತ್ತು.

ಈ ಮಾದರಿಗೂ ಮಿತಿಯಿದೆ. ನೆಲದ ಬೆಲೆ ಏರಿದಾಗ ಬಡವರ ನಿವೇಶನ ಉಳ್ಳವರ ಪಾಲಾಗುವ ಅಪಾಯ ಎಲ್ಲೆಡೆಯೂ ಇದ್ದದ್ದೇ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದ್‌ನಲ್ಲಿ 1986ರಲ್ಲಿ ಆರಂಭವಾದ ‘ಖುದಾ ಕಿ ಬಸ್ತಿ’ ಇದಕ್ಕೆ ಸರಳ ಪರಿಹಾರ ಕಂಡುಕೊಂಡಿತು. ನಿವೇಶನ ಬೇಕಾದವರು ಸಂಸಾರ ಸಮೇತ, ಸಾಮಾನು ಸರಂಜಾಮಿನೊಂದಿಗೆ ಬಂದು ಅಲ್ಲಿ ವಾಸ ಆರಂಭಿಸಬೇಕಿತ್ತು. ದಲ್ಲಾಳಿಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮೊದಲಿಗೆ ಒದಗಿಸಿದ್ದು ಸಾರ್ವಜನಿಕ ನೀರು ಮತ್ತು ನಗರಕ್ಕೆ ಬಸ್ಸು ಮಾತ್ರ. ಇತರ ಸೌಲಭ್ಯಗಳು ನಿವಾಸಿಗಳ ಕಂತಿನ ಹಣದಿಂದ ಹಂತಹಂತವಾಗಿ ಬಂದವು. 1995ರಲ್ಲಿ ಈ ಎರಡೂ ಯೋಜನೆಗಳು ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಗೆ ಪಾತ್ರವಾದವು.

ನಾವೂ ಈ ದಾರಿಯಲ್ಲಿ ಯೋಚಿಸಬಾರದೇಕೆ? ಹತ್ತು ಕಡೆ ಹತ್ತು ಮನೆ ಕಟ್ಟಿಸುವ ಬದಲು, ಶಾಲೆ ಮತ್ತು ದುಡಿಮೆಗೆ ಸಮೀಪದ ಒಂದು ಜಮೀನನ್ನು ಕೂಡಿ ಖರೀದಿಸಬಹುದು. ರಸ್ತೆ, ಚರಂಡಿ, ನೀರು ಒದಗಿಸಿ, ಮನೆ ಕಟ್ಟಲು ಬಡ್ಡಿರಹಿತ ಸಾಲ ನೀಡಬಹುದು. ಅಲ್ಲಿನ ಬಾಗಿಲು ಎಲ್ಲ ಧರ್ಮದ ಬಡವರಿಗೂ ತೆರೆದಿರಲಿ; ಒಂದೇ ಸಮುದಾಯದವರು ಗುಂಪಾಗಿ ಬೇರೆಯಾಗಿ ಬದುಕುವುದು ಯಾರಿಗೂ ಹಿತವಲ್ಲ. ಕರಾವಳಿಯಲ್ಲಿ ಕೆಂಪು ಕಲ್ಲು ಸ್ಥಳೀಯವಾಗಿಯೇ ಸಿಗುತ್ತದೆ. ಬಯಲುಸೀಮೆಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಬಳಕೆಗೆ ತಂದ ಮಣ್ಣಿನ ಇಟ್ಟಿಗೆಯಿದೆ. ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಿಲ್ಲ. ಸೌದೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ಇದಕ್ಕೆ ತಾಳ್ಮೆ ಬೇಕು. ವೇದಿಕೆಯಲ್ಲಿ ಬೀಗದ ಕೈ ನೀಡುವ ಭಾವಚಿತ್ರ ಬೇಗನೆ ದೊರೆಯಲಾರದು. ಆದರೆ ದಾನ ಪಡೆದವನೆಂಬ ಸಂಕೋಚವಿಲ್ಲದೆ, ತನ್ನ ಬೆವರಿನಿಂದ ಎದ್ದ ಗೋಡೆಗೆ ಒರಗಿ, ಪಕ್ಕದ ಮನೆಯವರನ್ನು ಹೆಸರು ಹಿಡಿದು ಕೂಗಿ ಕರೆಯಬಲ್ಲ ಕುಟುಂಬವೊಂದು ಅಲ್ಲಿರುತ್ತದೆ. ನಮ್ಮ ಔದಾರ್ಯದ ಅಳತೆಗೋಲು ಅದಾಗಲಿ.