ಗಡ್ಡ ಇಲ್ಲದ ಐರಿಸ್ ಮತ್ತು ನಾನು ಹೇಳಿದ ಒಂದು ಸುಳ್ಳು

ಹೂವಿನ ವಿಷಯಕ್ಕೆ ಯಾರಾದ್ರೂ ಸುಳ್ಳು ಹೇಳ್ತಾರಾ? ನಾನು ಹೇಳಿದ್ದೀನಿ. ಅದೂ ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ, ಫೋಟೊ ಸಮೇತ.

ಶಿಕಾಗೋ ಪಕ್ಕದ ಒಂದು ಸಣ್ಣ ಊರಲ್ಲಿ ನಾವು ಮನೆ ಮಾಡಿದ್ದಾಗಿನ ಮಾತು. ಸಾಗರದ ಮಳೆ, ಹಸಿರು ನೋಡ್ಕೊಂಡು ಬೆಳೆದ ನನಗೆ ಅಲ್ಲಿನ ಮೊದಲ ಚಳಿಗಾಲ ಶಿಕ್ಷೆ ಥರ ಇತ್ತು. ತಿಂಗಳುಗಟ್ಟಲೆ ಒಂದು ಹಸಿರೆಲೆ ಕಣ್ಣಿಗೆ ಬೀಳಲ್ಲ. ಆಗ ನನ್ನ ಜೊತೆ ಕೂತು ಮಾತಾಡ್ತಿದ್ದದ್ದು ಪಕ್ಕದ ಮನೆಯ ಅಜ್ಜಿ ಒಬ್ಬರೇ. ಮೇ ತಿಂಗಳ ಕೊನೆಗೆ ಅವರ ಅಂಗಳದ ತುಂಬ ಕಡುನೀಲಿ ಹೂ ಅರಳಿತು ನೋಡಿ, ನಾನು ಬೇಲಿ ಹತ್ತಿರವೇ ನಿಂತುಬಿಟ್ಟೆ.

“ಸೈಬೀರಿಯನ್ ಐರಿಸ್. ನನ್ನ ಗಂಡ ನೆಟ್ಟಿದ್ದು” ಅಂದ್ರು ಅಜ್ಜಿ. ಅವರು ತೀರಿಕೊಂಡು ಆಗಲೇ ಆರು ವರ್ಷ ಆಗಿತ್ತು.

ಐರಿಸ್‌ನಲ್ಲಿ ಗಡ್ಡ ಇರೋದು, ಗಡ್ಡ ಇಲ್ಲದ್ದು ಅಂತ ಎರಡು ಬಗೆ ಇದೆ ಅಂತ ಗೊತ್ತಾಗಿದ್ದೂ ಅವರಿಂದಲೇ. ಕೆಲವು ಐರಿಸ್ ಹೂವಿನ ಕೆಳಗೆ ಬಾಗಿದ ಎಸಳಿನ ಮೇಲೆ ಕಂಬಳಿಹುಳದ ಥರ ಒಂದು ರೋಮದ ಸಾಲು ಇರತ್ತೆ, ಅದೇ ಗಡ್ಡ. ಅದಿಲ್ಲದೆ ನುಣ್ಣಗಿದ್ದು, ಆ ಜಾಗದಲ್ಲಿ ಹಳದಿನೋ ಬಿಳಿನೋ ಗುರುತಿದ್ದರೆ ಅದು ಗಡ್ಡ ಇಲ್ಲದ ಜಾತಿ. ಗಡ್ಡ ಇಲ್ಲದಿದ್ರೂ ಗಡ್ಡೆ ಎರಡಕ್ಕೂ ಇದೆ. ಶುಂಠಿ ಥರ ಅಡ್ಡಡ್ಡ ಹೋಗತ್ತೆ.

2018ರಲ್ಲಿ ನನಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ತು. ಹೊರಡೋ ದಿನ “ನನಗೂ ಒಂದು ಬುಡ ಕೊಡಿ” ಅಂತ ನಾನೇ ಹಠ ಹಿಡಿದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸಲಿಕೆ ತಂದ್ರು. ಊರಲ್ಲಿ ಬಾಳೆ ಕಂದು ಕಿತ್ತು ಕೊಡ್ತಾರಲ್ಲ, ಹಾಗೇ ಕಿತ್ತು, ಒದ್ದೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, “ಬೇರು ಒಣಗೋಕೆ ಬಿಡಬೇಡ” ಅಂದ್ರು.

ನಾನೂ ಹುಷಾರಾಗೇ ಇದ್ದೆ. ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನ 13 ವಲಯ ಮಾಡಿ ನಕ್ಷೆ ಕೊಟ್ಟಿದೆ. ಶಿಕಾಗೋ ಸುತ್ತಮುತ್ತ 5, 6ನೇ ವಲಯ, ಹ್ಯೂಸ್ಟನ್ 9. ಸಂಖ್ಯೆ ಜಾಸ್ತಿ ಆದಷ್ಟೂ ಚಳಿ ಕಡಿಮೆ. ಕೊರೆಯೋ ಚಳೀಲಿ ಬದುಕಿದ ಗಿಡಕ್ಕೆ ಬೆಚ್ಚಗಿನ ಊರು ಇನ್ನೂ ಸುಲಭ ತಾನೇ ಅಂದ್ಕೊಂಡೆ.

ನಾನು ತಪ್ಪಿದ್ದೇ ಅಲ್ಲಿ. ಆ ನಕ್ಷೆ ಹೇಳೋದು ಒಂದೇ ವಿಷಯ: ಚಳಿಗಾಲದಲ್ಲಿ ಎಷ್ಟು ಕೆಳಗೆ ಇಳಿಯತ್ತೆ ಅಂತ. ಬೇಸಿಗೆ ಎಷ್ಟು ಸುಡತ್ತೆ, ರಾತ್ರಿಯಾದ್ರೂ ತಂಪಾಗತ್ತಾ, ಮಣ್ಣು ಹೇಗಿದೆ ಅನ್ನೋದು ಅದರಲ್ಲಿಲ್ಲ. ಸೈಬೀರಿಯನ್ ಐರಿಸ್‌ಗೆ ಚಳಿ ಬರೀ ತಡ್ಕೊಳ್ಳೋ ಕಷ್ಟ ಅಲ್ಲ, ಅದು ಬೇಕೇ ಬೇಕು. ಚಳಿಗಾಲದ ಒಂದು ಗಟ್ಟಿ ನಿದ್ದೆ ಆಗದೇ ಹೋದ್ರೆ ಹೂ ಬಿಡೋದು ಕಷ್ಟ. 2019ರಲ್ಲಿ ಬರೀ ಎಲೆ. 2020ರ ಆಗಸ್ಟ್‌ಗೆ ಎಲೆಯೂ ಇಲ್ಲ. ಅಗೆದು ನೋಡಿದ್ರೆ ಗಡ್ಡೆ ಕೈಯಲ್ಲೇ ಪುಡಿಯಾಯ್ತು.

ಅಮ್ಮನಿಗೆ ಫೋನ್ ಮಾಡಿ ಅತ್ತೆ. “ಅಲ್ಲ ಕಣೇ, ಅಡಿಕೆ ಸಸಿ ತಗೊಂಡ್ಹೋಗಿ ನೀರಿಲ್ಲದ ಬಯಲುಸೀಮೇಲಿ ನೆಟ್ಟು, ಯಾಕೆ ಬರ್ಲಿಲ್ಲ ಅಂತ ಅತ್ರೆ ಆಗತ್ತಾ? ಆ ಊರಿನ ಮಣ್ಣಿಗೆ ಏನು ಬರತ್ತೋ ಅದನ್ನ ನೆಡು” ಅಂದ್ರು.

ಹುಡುಕಿದಾಗ ಸಿಕ್ಕಿದ್ದು ಲೂಯಿಸಿಯಾನಾ ಐರಿಸ್. ಇದಕ್ಕೂ ಗಡ್ಡ ಇಲ್ಲ. ಐದು ಕಾಡು ಜಾತಿಗಳಿಂದ ಬಂದ ಬಳಗ. ಜೌಗು, ಕೆರೆಯಂಚು, ನಿಂತ ನೀರು ಅಂದ್ರೆ ಇಷ್ಟ. ಇದರ ಲೆಕ್ಕಾಚಾರವೇ ಉಲ್ಟಾ: ಸೆಕೆಗಾಲದಲ್ಲಿ ಮಂಕಾಗಿ, ಚಳಿಗಾಲದಲ್ಲಿ ಬೆಳೆಯತ್ತೆ. ಸೂರಿನ ನೀರು ಬಂದು ಬೀಳೋ ಮೂಲೇಲಿ, ಜೇಡಿಮಣ್ಣಿಗೆ ಕಾಂಪೋಸ್ಟ್ ಬೆರೆಸಿ, ಅಕ್ಟೋಬರ್‌ನಲ್ಲಿ ನೆಟ್ಟೆ. ಬಿಸಿಲಿಗೆ ಗಡ್ಡೆ ಸುಡಬಾರದು ಅಂತ ಮೇಲೆ ಒಣ ಎಲೆ ಹೊದಿಸಿದೆ.

ಆಮೇಲೆ ಬಂತು 2021ರ ಫೆಬ್ರವರಿ. ಟೆಕ್ಸಾಸ್‌ನಲ್ಲಿ ಇದ್ದೋರಿಗೆ ನೆನಪಿರತ್ತೆ. ಮೈನಸ್ 10 ಡಿಗ್ರಿ ಆಸುಪಾಸು, ಕರೆಂಟ್ ಇಲ್ಲ, ನಲ್ಲೀಲಿ ನೀರಿಲ್ಲ. ಇದ್ದಬದ್ದ ಕಂಬಳಿ ಹೊದ್ದು ಮಕ್ಕಳನ್ನ ಮಧ್ಯೆ ಮಲಗಿಸ್ಕೊಂಡು ಕೂತಿದ್ವಿ. ಎರಡು ವರ್ಷ ಮಗುವಿನ ಥರ ನೋಡ್ಕೊಂಡ ಕರಿಬೇವಿನ ಗಿಡ, ಮಲ್ಲಿಗೆ ಎರಡೂ ಕಪ್ಪಾಗಿ ಹೋದ್ವು. ಐರಿಸ್ ಎಲೆಯೂ ಸುಟ್ಟ ಹಾಗೆ ಮಲಗಿತ್ತು. ಇದೂ ಹೋಯ್ತು ಅಂದ್ಕೊಂಡೆ.

ಮಾರ್ಚ್‌ನಲ್ಲಿ ಒಂದು ಹಸಿರು ಚೂಪು ಕಾಣಿಸ್ತು. ಏಪ್ರಿಲ್‌ನಲ್ಲಿ ನೇರಳೆ ಹೂ!

ಆವತ್ತೇ ಅಜ್ಜಿ ಮೆಸೇಜ್ ಬಂತು: “ನನ್ನ ಐರಿಸ್ ಹೇಗಿದೆ?” ಸತ್ತುಹೋಯ್ತು ಅನ್ನೋಕೆ ಬಾಯಿ ಬರ್ಲಿಲ್ಲ. ಅದು ಅವರ ಗಂಡನ ಗಿಡ. ಹೊಸ ಹೂವಿನ ಫೋಟೊ ತೆಗೆದು ಕಳಿಸಿ, “ಚೆನ್ನಾಗಿದೆ ಅಜ್ಜಿ, ನೋಡಿ” ಅಂತ ಬರೆದೆ.

ಐದೇ ನಿಮಿಷಕ್ಕೆ ಫೋನ್. “ಹೂ ತುಂಬ ಚೆನ್ನಾಗಿದೆ. ಆದ್ರೆ ಇದು ನನ್ನದಲ್ಲ. ನನ್ನದರ ಎಲೆ ಹುಲ್ಲಿನ ಥರ ಸಣ್ಣ, ಹೂವಿನ ಒಳಗಿನ ಎಸಳು ನೆಟ್ಟಗೆ ನಿಲ್ಲತ್ತೆ. ನಿನ್ನದು ತಟ್ಟೆ ಥರ ಅಗಲಕ್ಕೆ ಬಿಚ್ಚಿದೆ. ಲೂಯಿಸಿಯಾನಾ ತಾನೇ?”

ನಾನು ಸುಮ್ಮನೆ ಅಳ್ತಾ ಇದ್ದೆ. ಅವರು ನಗ್ತಾ ಇದ್ರು. “ಅಲ್ಲಿ ಅದು ಬದುಕಲ್ಲ ಅಂತ ಕೊಡುವಾಗಲೇ ಗೊತ್ತಿತ್ತು. ನಿನಗೆ ಅವತ್ತು ಇಲ್ಲಿಂದ ಏನಾದ್ರೂ ತಗೊಂಡು ಹೋಗಬೇಕಿತ್ತು, ಅದಕ್ಕೇ ಕೊಟ್ಟೆ. ತಾಯಿ ಬುಡ ಇಲ್ಲೇ ಇದೆ, ಯೋಚನೆ ಮಾಡಬೇಡ.”

ಅವತ್ತಿಂದ ಯಾರಾದ್ರೂ “ಯಾವ ಐರಿಸ್ ನೆಡಲಿ” ಅಂತ ಕೇಳಿದ್ರೆ, “ನಿಮ್ಮೂರಿನ ಬೇಸಿಗೆ ಹೇಗೆ, ಮಣ್ಣು ಹೇಗೆ” ಅಂತ ನಾನು ತಿರುಗಿ ಕೇಳ್ತೀನಿ. ನ್ಯೂಜೆರ್ಸಿ, ಮಿನಿಯಾಪೊಲಿಸ್ ಥರ ಗಟ್ಟಿ ಚಳಿ ಇರೋ ಕಡೆ ಸೈಬೀರಿಯನ್ ಕಣ್ಮುಚ್ಚಿ ನೆಡಿ, ಪದೇ ಪದೇ ಕಿತ್ತು ನೋಡಬೇಡಿ, ಎರಡು ಮೂರು ವರ್ಷ ಅದರ ಪಾಡಿಗೆ ಬಿಡಿ. ಸಿಯಾಟಲ್ ಕಡೆ ಹುಳಿ ಮಣ್ಣಿದ್ದು, ಬೇಸಿಗೇಲಿ ತಪ್ಪದೇ ನೀರು ಹಾಕ್ತೀರಾದ್ರೆ ಜಪಾನಿ ಐರಿಸ್ ಚೆನ್ನ. ಸುಣ್ಣ ಮಾತ್ರ ಅದಕ್ಕೆ ಆಗಲ್ಲ. ಹೊಸ ಬೇರು ಹಳೇದರ ಮೇಲೆ ಬರೋದ್ರಿಂದ ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿ, ಸ್ವಲ್ಪ ಆಳಕ್ಕೆ ನೆಡಬೇಕು. ಬೇಸಿಗೆ ಒಣಗಿ, ಮಣ್ಣು ಕ್ಷಾರವಾಗಿರೋ ಕ್ಯಾಲಿಫೋರ್ನಿಯಾದ ಒಳನಾಡಿಗೆ ಸ್ಪೂರಿಯಾ ಅಂತ ಒಂದಿದೆ, ಸುಡು ಬೇಸಿಗೇಲಿ ನೀರು ಕೇಳದೆ ಮಲಗಿರತ್ತೆ. ನಾಲ್ಕೂ ಗಡ್ಡ ಇಲ್ಲದವೇ, ನಾಲ್ಕಕ್ಕೂ ಬೇರೆ ಬೇರೆ ಊರು.

ಬೆಂಗಳೂರಿನ ಬಾಲ್ಕನಿಯವರು ಬೇಜಾರು ಮಾಡ್ಕೋಬೇಡಿ. ನರ್ಸರಿಯಲ್ಲಿ ಸಿಗೋ ವಾಕಿಂಗ್ ಐರಿಸ್ ಅಸಲಿ ಐರಿಸ್ ಅಲ್ಲ, ಅದೇ ಕುಟುಂಬದ ದಾಯಾದಿ. ಬೆಳಗ್ಗೆ ಅರಳಿ ಸಂಜೆಗೆ ಬಾಡಿದ್ರೂ ಚಳಿ ಬೇಡೋದಿಲ್ಲ. ಕಿತ್ತಳೆ ಬಣ್ಣದ ಮೇಲೆ ಕೆಂಪು ಚುಕ್ಕೆಯ ಬ್ಲ್ಯಾಕ್‌ಬೆರಿ ಲಿಲಿ ಸಿಕ್ರೆ ತನ್ನಿ. ಹೆಸರಲ್ಲಿ ಲಿಲಿ ಇದ್ರೂ 2005ರಿಂದ ಅದನ್ನ ಐರಿಸ್ ಕುಲಕ್ಕೇ ಸೇರಿಸಿದ್ದಾರೆ.

ಅವತ್ತು ಫೋನ್ ಇಡೋ ಮುಂಚೆ ಅಜ್ಜಿ, “ನನಗೂ ಅದರದ್ದೊಂದು ಬುಡ ಕಳಿಸು” ಅಂದ್ರು. ಶಿಕಾಗೋ ಚಳೀಲಾ? ಬೇಡ ಅನ್ನೋಕೆ ಬಾಯಿ ತೆಗೆದಿದ್ದೆ. ಆಮೇಲೆ ಓದಿದ್ರೆ ಆ ಐದು ಕಾಡು ಜಾತಿಗಳಲ್ಲಿ ಎರಡು ಅವರ ಇಲಿನಾಯ್ ರಾಜ್ಯದಲ್ಲೇ ತಾನಾಗಿ ಬೆಳೆಯುತ್ವಂತೆ! ಆಗಸ್ಟ್‌ನಲ್ಲಿ ಮಣ್ಣೆಲ್ಲ ತೊಳೆದು, ಒದ್ದೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಕಳಿಸಿದೆ. ಚಳಿಗೆ ದಪ್ಪಗೆ ಎಲೆ ಹೊದಿಸಿ ಅಂತ ಚೀಟಿಯನ್ನೂ ಇಟ್ಟೆ.

2023ರ ಜೂನ್‌ನಲ್ಲಿ ಫೋಟೊ ಬಂತು. ನೀಲಿ ಸೈಬೀರಿಯನ್ ಪಕ್ಕದಲ್ಲಿ ಒಂದೇ ಒಂದು ನೇರಳೆ ಹೂ. ಕೆಳಗೆ ಒಂದು ಸಾಲು: “ಈ ಫೋಟೊ ಮಾತ್ರ ನಿಜ ಕಣಮ್ಮ.”